ನಾಲ್ಕು ಕಾರ್ಬನ್

ಪಂಕಜಾಕ್ಷಿಗೆ ಶಿಫಾರಸು ಪತ್ರ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಪಿಯುಸಿ ಪಾಸಾಗಿದ್ದಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಮುಗಿಸಿದ್ದಳು. ಚಿಕ್ಕಮಗಳೂರಿನ ಉದ್ಯೋಗ ವಿನಿಮಯ ಕಚೇರಿಯ ಕಾರ್ಡನ್ನು ಒಂದು ಸಲವೂ ತಪ್ಪಿಸದೆ ನವೀಕರಿಸಿಕೊಂಡು ಬಂದಿದ್ದಳು. ಐದು ಸಲ ಸಂದರ್ಶನಕ್ಕೆ ಕರೆ ಬಂದಿತ್ತು. ಐದು ಸಲವೂ ಅವಳಿಗಿಂತ ನಿಧಾನವಾಗಿ ಟೈಪ್ ಮಾಡುವವರು ಕೆಲಸಕ್ಕೆ ಸೇರಿಕೊಂಡರು. ಸರ್ಕಾರಿ ಕೆಲಸದ ವಯಸ್ಸಿನ ಮಿತಿ ದಾಟಲು ಅವಳಿಗೆ ಇನ್ನು ಏಳೇ ತಿಂಗಳಿತ್ತು. ಅದು ೧೯೮೬ರ ಆಗಸ್ಟ್.

ಆ ಸೀಮೆಯ ಶಿಫಾರಸು ಪತ್ರಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳೂ ಅವಳೇ.

ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ವಜೀರ್ ಸಾಬರ ಸೈಕಲ್ ಶಾಪು. ಅದರ ಮೇಲಿನ ಮಹಡಿಯಲ್ಲಿ ಷಣ್ಮುಖಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟು. ಏಳು ಮಿಷನ್, ಅದರಲ್ಲಿ ಎರಡು ಕೆಟ್ಟಿದ್ದವು. ಪಂಕಜಾಕ್ಷಿ ಅಲ್ಲಿ ಪಾಠ ಹೇಳುತ್ತಿದ್ದಳು, ಹೊರಗಿನ ಟೈಪಿಂಗೂ ಅವಳದೇ. ದಿನಾ ಬೆಳಿಗ್ಗೆ ಶಿವನಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿ ಬರುವುದು, ಸಂಜೆ ಅದೇ ದಾರಿಯಲ್ಲಿ ವಾಪಸು. ಸ್ಟೇಷನ್ನಿನಿಂದ ಅವಳ ಹಳ್ಳಿಗೆ ಎರಡು ಮೈಲಿ ನಡಿಗೆ.

ಕೆಲಸ ಕೊಡಿಸುವವರು ಕಡೂರಿನ ಗಂಗಾಧರಯ್ಯ. ಅವರು ಶಾಸಕರಲ್ಲ, ಯಾವ ಕುರ್ಚಿಯಲ್ಲೂ ಕೂತವರಲ್ಲ. ಪಕ್ಷದ ಮುಖಂಡರು. ಕುರ್ಚಿಯಲ್ಲಿದ್ದವರು ಅವರ ಮಾತು ಕೇಳುತ್ತಿದ್ದರು. ಸೋಮವಾರ ಸೋಮವಾರ ಅವರ ಜಗಲಿಯ ಮುಂದೆ ಜನ ಸೇರುತ್ತಿದ್ದರು. ಗಂಗಾಧರಯ್ಯ ಯಾರಿಗೂ ಇಲ್ಲ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಬಂದವರ ಹೆಸರು, ಊರು, ಕೇಳಿದ ಕೆಲಸ ಇಷ್ಟನ್ನು ಅವರ ಕಡೆಯ ದೇವೀರಪ್ಪ ಪಟ್ಟಿ ಮಾಡಿಕೊಂಡು, ಮೊದಲೇ ಸಹಿ ಹಾಕಿಟ್ಟ ಲೆಟರ್‌ಹೆಡ್ಡುಗಳ ಜೊತೆ ಮಂಗಳವಾರ ಇನ್‌ಸ್ಟಿಟ್ಯೂಟಿಗೆ ತರುತ್ತಿದ್ದ. ಒಕ್ಕಣೆ ಎಲ್ಲರಿಗೂ ಒಂದೇ: "ಇವರು ನನಗೆ ಚೆನ್ನಾಗಿ ಪರಿಚಿತರು, ಬಡವರು, ಯೋಗ್ಯರು. ಇವರ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸುವುದು." ಹೆಸರಿನ ಜಾಗ ಮಾತ್ರ ಬದಲಾಗುತ್ತಿತ್ತು. ಪಂಕಜಾಕ್ಷಿ ಅದನ್ನು ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲವಳಾಗಿದ್ದಳು.

ಪಟ್ಟಿಯಲ್ಲಿ ಕೆಲವು ಹೆಸರಿನ ಪಕ್ಕ ಕೆಂಪು ಗೀಟು ಇರುತ್ತಿತ್ತು. ಗೀಟು ಇದ್ದವಕ್ಕೆ ಕಾರ್ಬನ್ ಹಾಕಿ, ಕೆಳಗೊಂದು ತೆಳು ಹಾಳೆ ಇಟ್ಟು ಹೊಡೆಯಬೇಕು. ಆ ಕಾರ್ಬನ್ನುಗಳನ್ನು ದೇವೀರಪ್ಪನೇ ತರುತ್ತಿದ್ದ, ಒಂದೊಂದು ಕಾಗದಕ್ಕೂ ಹೊಸದು. ತೆಳು ಹಾಳೆಗಳಿಗೆ ಗಂಗಾಧರಯ್ಯನವರ ಸೀಲು ಒತ್ತಿ, ಅವನ್ನೆಲ್ಲ ಒಂದು ಲಕೋಟೆಗೆ ಹಾಕಿ, ಗೋಂದು ಹಚ್ಚಿ ಇಡುವುದೂ ಪಂಕಜಾಕ್ಷಿಯ ಕೆಲಸವೇ. ಸೀಲು ಅವಳ ಡ್ರಾದಲ್ಲೇ ಇತ್ತು, ಯಾಕೆಂದರೆ ದೇವೀರಪ್ಪ ಸೋಮಾರಿ. ಗುರುವಾರ ಅವನು ಪತ್ರಗಳನ್ನು ಜನರಿಗೆ ಹಂಚಿ, ಲಕೋಟೆ ಹಿಡಿದು ಆಯಾ ಕಚೇರಿಯ ಊರಿಗೆ ಬಸ್ ಹತ್ತುತ್ತಿದ್ದ.

ನಾಲ್ಕು ವರ್ಷ ಹೀಗೆ ನಡೆದಿತ್ತು. ಗೀಟು ಯಾಕೆ ಅಂತ ಅವಳು ಕೇಳಿರಲಿಲ್ಲ. ಪತ್ರವನ್ನೂ ಕೇಳಿರಲಿಲ್ಲ. ತನ್ನ ಬೆರಳು ಓಡುತ್ತವೆ, ಪತ್ರ ಬೇಕಾದದ್ದು ಬೆರಳು ಓಡದವರಿಗೆ ಅಂತ ಅಂದುಕೊಂಡಿದ್ದಳು.

ಆಗಸ್ಟಿನಲ್ಲಿ ತರೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾಲ್ಕು ಜಾಗ ಖಾಲಿಯಾದವು: ಒಬ್ಬ ಟೈಪಿಸ್ಟ್, ಇಬ್ಬರು ಅಟೆಂಡರ್, ಒಬ್ಬ ವಾಚ್‌ಮನ್. ಟೈಪಿಸ್ಟ್ ಹುದ್ದೆಗೆ ಅವಳಿಗೆ ಆರನೇ ಸಂದರ್ಶನದ ಕಾರ್ಡು ಬಂತು. ಅವಳ ಅಪ್ಪ ಮಲ್ಲಿಕಾರ್ಜುನಪ್ಪ ಈರುಳ್ಳಿ ಹೊಲದಿಂದ ಬಂದು ಕಾಲು ತೊಳೆಯುತ್ತಾ, "ಆ ಗಂಗಾಧರಯ್ಯ ನಮ್ಮೋರೇ ಕಣೇ. ನಿನ್ನ ಜಂಬಾನ ಆ ಮಿಷನ್ ಹತ್ರ ಬಿಟ್ಟು ಒಂದು ಮಾತು ಕೇಳು," ಅಂದ.

ಸೋಮವಾರ ಅವಳು ಜಗಲಿಯ ಮುಂದೆ ನಿಂತಳು. ಗಂಗಾಧರಯ್ಯ ಕನ್ನಡಕ ಏರಿಸಿ ನೋಡಿದರು.

"ಯಾರ ಮಗಳಮ್ಮ ನೀನು?"

"ಶಿವನಿ ಕಡೆ ಮಲ್ಲಿಕಾರ್ಜುನಪ್ಪನೋರ ಮಗಳು, ಯಜಮಾನ್ರೇ. ನಿಮ್ಮ ಕಾಗದ ಟೈಪ್ ಮಾಡೋದು ನಾನೇ."

"ಅಯ್ಯೋ ಶಿವನೇ! ಮಠದಲ್ಲಿ ಹೋದ ವರ್ಷ ನಿಮ್ಮಪ್ಪ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದ. ಪಾಯಸ ಮೂರು ಸಲ ಹಾಕಿಸ್ಕೊಂಡ." ಜನ ನಕ್ಕರು. "ನನ್ನ ಕಾಗದ ಬರೆಯೋ ಮಗು, ನಿನಗಿಲ್ದೆ ಇನ್ಯಾರಿಗೆ ಕೊಡ್ಲಿ? ದೇವೀರಪ್ಪ, ಬರ್ಕೋ. ಈ ಕೆಲಸ ಆಯ್ತು ಅಂತ್ಲೇ ತಿಳ್ಕೋಮ್ಮ."

ಸಂಜೆ ರೈಲಿನಲ್ಲಿ, ಬೀರೂರು ದಾಟುವ ಹೊತ್ತಿಗೆ, ಅವಳು ಅದನ್ನು ಪೂರ್ತಿ ನಂಬಿದ್ದಳು. ಅಜ್ಜಂಪುರದಲ್ಲಿ ಹತ್ತಿದ ಕಡಲೆಕಾಯಿ ಮಾರುವವಳ ಹತ್ತಿರ ಚೌಕಾಸಿ ಮಾಡದೆ ಕೊಂಡಳು.

ಮಂಗಳವಾರ ದೇವೀರಪ್ಪ ಪಟ್ಟಿ ತಂದ. ಇಪ್ಪತ್ತಾರು ಹೆಸರು, ಎಲ್ಲವೂ ತರೀಕೆರೆಯ ಆ ನಾಲ್ಕು ಜಾಗಕ್ಕೆ. ಹೊಸ ಕಾರ್ಬನ್ ನಾಲ್ಕು. ಮೂರನೇ ಹೆಸರು ತೀರ್ಥಪ್ಪ, ಟೈಪಿಸ್ಟ್, ಪಕ್ಕದಲ್ಲಿ ಕೆಂಪು ಗೀಟು. ಹದಿನಾಲ್ಕನೇದು ಅವಳದು. ಹತ್ತೊಂಬತ್ತನೇದು ಶಮ್ಶುನ್ನೀಸಾ, ಕೆಳಗಿನ ಶಾಪಿನ ವಜೀರ್ ಸಾಬರ ಮಗಳು, ಅವಳ ಶಿಷ್ಯೆ. ಇಬ್ಬರಿಗೂ ಗೀಟಿರಲಿಲ್ಲ.

"ದೇವೀರಪ್ಪನೋರೇ, ನನ್ನದಕ್ಕೆ ಗೀಟು ಹಾಕೋದು ಮರೆತಿದ್ದೀರಿ."

"ಮರೆತಿಲ್ಲ ಕಣವ್ವಾ."

"ಗೀಟು ಯಾತಕ್ಕೆ ಹಾಕ್ತೀರಿ?"

"ಎಲ್ಲಾರ್ದಕ್ಕೂ ಹಾಕೋಕೆ ಕಾರ್ಬನ್ ಏನು ಗಿಡದಲ್ಲಿ ಬಿಡ್ತದಾ? ಬಡಿ, ಬಡಿ. ನಾಳೆ ಬತ್ತೀನಿ."

ಅವನು ಇಳಿದುಹೋದ ಮೇಲೆ ಪಂಕಜಾಕ್ಷಿ ಸುಮ್ಮನೆ ಕೂರಲಾರದೆ ಮಿಷನ್ನುಗಳ ನಡುವೆ ಓಡಾಡಿದಳು. ಮೂಲೆಯಲ್ಲಿ ಬಿಸ್ಕತ್ತಿನ ಹಳೇ ಡಬ್ಬ ಇತ್ತು. ಉಪಯೋಗಿಸಿದ ಕಾರ್ಬನ್ನುಗಳನ್ನು ಎಸೆಯದೆ ಅದರಲ್ಲಿ ಹಾಕಿಡುತ್ತಿದ್ದಳು, ಹುಡುಗಿಯರ ಅಭ್ಯಾಸಕ್ಕೆ ಆಗಲಿ ಅಂತ. ಡಬ್ಬ ತೆಗೆದು ಒಂದು ಕಾರ್ಬನ್ನನ್ನು ಕಿಟಕಿಗೆ ಹಿಡಿದಳು. ಅಕ್ಷರ ಬಿದ್ದ ಕಡೆ ಮಸಿ ಹೋಗಿ ಬೆಳಕು ತೂರುತ್ತಿತ್ತು. ಹೆಸರು, ಊರು, ಕೆಲಸ ಎಲ್ಲ ಓದಲು ಬರುತ್ತಿತ್ತು. ಒಂದು ಕಾರ್ಬನ್ನಿಗೆ ಒಂದೇ ಹೆಸರು.

"ಶಮ್ಶು, ಬಾ ಇಲ್ಲಿ. ಇದ್ಯಾರು ಗೊತ್ತಾ?"

ಶಮ್ಶುನ್ನೀಸಾಗೆ ಇಪ್ಪತ್ತೆರಡು ವರ್ಷ, ಕಡೂರಿನ ಎಲ್ಲರ ಸುದ್ದಿಯೂ ಬಾಯಿಪಾಠ. "ಇವ್ನಾ? ಆಸ್ಪತ್ರೇಲಿ ಚೀಟಿ ಬರೀತಾನಲ್ಲ, ಅವ್ನೇ ಮಿಸ್."

"ಇದು?"

"ಎಮ್ಮೆದೊಡ್ಡಿಯೋನು. ವಾಚರ್ ಆಗಿದಾನೆ. ಮೊನ್ನೆ ನಮ್ಮಪ್ಪನ ಹತ್ರ ಹೊಸಾ ಸೈಕಲ್ ತಗೊಂಡ."

ಮೂವತ್ತು ಕಾರ್ಬನ್ ಓದಲು ಬಂದವು. ಅದರಲ್ಲಿ ಇಬ್ಬರಿಗೂ ಸೇರಿ ಗೊತ್ತಿದ್ದವರು ಹದಿನೇಳು ಜನ. ಹದಿನೇಳು ಜನಕ್ಕೂ ಕೆಲಸ ಆಗಿತ್ತು. ಶಮ್ಶುನ್ನೀಸಾ ಡಬ್ಬದ ತಳದವರೆಗೂ ಹುಡುಕಿದಳು. ಎರಡು ವರ್ಷದ ಹಿಂದೆ ತನ್ನ ಹೆಸರಿನಲ್ಲಿ ಹೊಡೆದ ಪತ್ರದ ಕಾರ್ಬನ್ ಅಲ್ಲಿ ಇರಲಿಲ್ಲ.

"ಮಿಸ್, ನಮ್ಮಪ್ಪ ಆ ಕಾಗದಾನ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದಾರೆ. ಕುರಾನ್ ಇಡೋ ಗೂಡಿನ ಪಕ್ಕದ ಗೂಡಲ್ಲಿ."

ಪಂಕಜಾಕ್ಷಿ ಕಾರ್ಬನ್ನುಗಳನ್ನು ಮತ್ತೆ ಡಬ್ಬಕ್ಕೆ ತುಂಬಿದಳು.

ಬುಧವಾರ ದೇವೀರಪ್ಪ ಬಂದಾಗ ಅವಳು ಡಬ್ಬವನ್ನು ಮೇಜಿನ ಮೇಲಿಟ್ಟುಕೊಂಡೇ ಕೂತಿದ್ದಳು. ಅವನು ಡಬ್ಬ ನೋಡಿದ, ಕಿಟಕಿ ನೋಡಿದ, ಅರ್ಥವಾಯಿತು. ನಾಚಿಕೆಯೇನೂ ಪಡಲಿಲ್ಲ. ಜುಬ್ಬದ ಜೇಬಿನಿಂದ ಒಂದು ನೋಟ್‌ಬುಕ್ಕು ತೆಗೆದ. ಹಿಂದಿನ ವರ್ಷದ ಚುನಾವಣೆಯಲ್ಲಿ ಯಾವ ಬೂತಿನಲ್ಲಿ ಎಷ್ಟು ಬಿತ್ತು ಅನ್ನುವುದೆಲ್ಲ ಅದರಲ್ಲಿ ಇತ್ತು.

"ನಿಮ್ಮೂರ ಪೆಟ್ಟಿಗೇಲಿ ನಮಗೆ ಬಿದ್ದಿದ್ದು ಮೂವತ್ತೊಂಬತ್ತು ಕಣವ್ವಾ. ಮೂವತ್ತೊಂಬತ್ತಕ್ಕೆ ಕಾಗದ ಸಿಗ್ತದೆ. ಕಾರ್ಬನ್ ಸಿಗಲ್ಲ."

"ನಾನು ಹಾಕಿದ್ದು ನಿಮಗೇ."

"ಅಂತ ಪೆಟ್ಟಿಗೆ ಹೇಳ್ತದಾ?"

"ವಜೀರ್ ಸಾಬ್ರು? ನಿಮ್ಮ ಜೀಪಿಗೆ, ನಿಮ್ಮ ಹುಡುಗರ ಸೈಕಲ್ಲಿಗೆ ಪಂಕ್ಚರ್ ಹಾಕಿ ಒಂದು ದಿನ ಕಾಸು ಕೇಳಿಲ್ಲ."

"ಸಾಬ್ರು ಒಳ್ಳೇ ಮನುಷ್ಯ. ಅವರ ಬೀದಿ ಸರಿಯಿಲ್ಲ."

"ತೀರ್ಥಪ್ಪನ ಊರಲ್ಲಿ ಎಷ್ಟು ಬಿದ್ದಿದೆ?"

ದೇವೀರಪ್ಪ ಜೋರಾಗಿ ನಕ್ಕ. "ಅವನ ಲೆಕ್ಕ ಬೇರೆ. ಅವ್ನು ನಮ್ಮಕ್ಕನ ಮಗ."

"ಟೈಪಿಂಗ್ ಬತ್ತದಾ?"

"ಕೆಲಸ ಸಿಕ್ರೆ ಟೈಪಿಂಗ್ ತಾನಾಗೇ ಬತ್ತದೆ. ನಿಂಗೆ ಟೈಪಿಂಗ್ ಬತ್ತದೆ, ಕೆಲಸ ಬಂತಾ?" ಅವನು ಎದ್ದ. "ಸಂಜೆ ಒಳಗೆ ಮುಗಿಸಿಡು."

ಅವನು ಹೋದ ಸ್ವಲ್ಪ ಹೊತ್ತಿಗೆ ವಜೀರ್ ಸಾಬ್ ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ಪ್ಲಾಸ್ಟಿಕ್ ಕವರನ್ನು ಎರಡು ಬೆರಳಲ್ಲಿ ಹಿಡಿದಿದ್ದರು.

"ಟೀಚರಮ್ಮ, ಹೊಸಾ ಕಾಗದದ ಜೊತೆಗೆ ಈ ಹಳೇದನ್ನೂ ಸೇರಿಸಿ ಕೊಟ್ರೆ ಇನ್ನೂ ಬಲ ಬತ್ತದಾ? ಎರಡು ಸಲ ಹೇಳಿದಂಗೆ ಆಗ್ತದೆ ನೋಡಿ."

"ಅದು ನಿಮ್ಮ ಹತ್ರಾನೇ ಇರ್ಲಿ ಸಾಬ್ರೇ," ಅಂದಳು. ಅವರು ಕವರನ್ನು ಊದಿ ಧೂಳು ತೆಗೆದು ಇಳಿದುಹೋದರು.

ಶಮ್ಶುನ್ನೀಸಾ ಹತ್ತಿರ ಬಂದು ದನಿ ತಗ್ಗಿಸಿ ಅಂದಳು: "ಮಿಸ್, ನಿಮ್ದೊಂದಕ್ಕೆ ಕಾರ್ಬನ್ ಹಾಕ್ಬಿಡಿ. ಲಕೋಟೆ ಅಂಟಿಸೋದು ನೀವೇ ಅಲ್ವಾ? ನಂಗಿನ್ನೂ ಟೈಮಿದೆ. ನೀವು ಮುದುಕಿ ಆಗ್ತಾ ಇದೀರಿ."

"ಬಾಯಿ ಮುಚ್ಚೇ." ಆದರೆ ಅವಳು ಅದನ್ನೇ ಯೋಚಿಸುತ್ತಿದ್ದಳು. ತನ್ನದೊಂದು ಸೇರಿದರೆ ಟೈಪಿಸ್ಟಿಗೆ ಎರಡು ಕಾಪಿ ಆಗುತ್ತದೆ. ತರೀಕೆರೆಯ ಸಾಹೇಬರು ಯಾವುದು ಅಂತ ಗಂಗಾಧರಯ್ಯನವರನ್ನು ಕೇಳಿ ಕಳಿಸುತ್ತಾರೆ. ತೀರ್ಥಪ್ಪ ಅನ್ನುತ್ತಾರೆ, ಮುಗಿಯಿತು. ಇಪ್ಪತ್ತಾರೂ ಹೋದರೆ? ಎಲ್ಲರೂ ಬೇಕಾದವರಾದರೆ ಯಾರನ್ನು ಆರಿಸುತ್ತಾರೆ? ಕಾನೂನಿನ ಪ್ರಕಾರ ಪರೀಕ್ಷೆ ಮಾಡಲೇಬೇಕು. ಹತ್ತು ನಿಮಿಷದ ಟೈಪಿಂಗ್ ಪರೀಕ್ಷೆ. ಇದರಲ್ಲಿ ಉಳಿದ ಇಪ್ಪತ್ತೈದು ಜನರ ಮೇಲಿನ ಕರುಣೆಯೇನೂ ಇರಲಿಲ್ಲ. ಪರೀಕ್ಷೆ ಅಂತ ನಡೆದರೆ ಗೆಲ್ಲುವವಳು ತಾನೇ ಅನ್ನುವುದು ಅವಳಿಗೆ ಗೊತ್ತಿತ್ತು. ಗಂಗಾಧರಯ್ಯನವರ ಮೇಲಿನ ನಂಬಿಕೆ ಹೋಗಿತ್ತು. ಕಚೇರಿಯ ಮೇಲಿನ ನಂಬಿಕೆ ಇನ್ನೂ ಹೋಗಿರಲಿಲ್ಲ.

ನಾಲ್ಕು ಹೊಸ ಕಾರ್ಬನ್ನಿನ ಜೊತೆ ಡಬ್ಬದಿಂದ ಇಪ್ಪತ್ತೆರಡು ಹಳೇವು ತೆಗೆದಳು. ಮಧ್ಯಾಹ್ನದಿಂದ ಸಂಜೆವರೆಗೆ ಇಪ್ಪತ್ತಾರು ಕಾಗದ ಹೊಡೆದಳು. ಕಾಪಿಗಳು ಸ್ವಲ್ಪ ಮಸುಕಾಗಿದ್ದವು, ಆದರೆ ಓದಬಹುದಿತ್ತು. ಇಪ್ಪತ್ತಾರಕ್ಕೂ ಸೀಲು ಒತ್ತಿ ಲಕೋಟೆ ಅಂಟಿಸಿದಳು. ಗುರುವಾರ ದೇವೀರಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, "ಏನವ್ವಾ ಈ ಸಲ ದಪ್ಪ ಇದೆ?" ಅಂದ.

"ಹಾಳೆ ದಪ್ಪದ್ದು ಸಿಕ್ಕಿದ್ದು," ಅಂದಳು. ತರೀಕೆರೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವನು ಓಡಿದ.

ಪರೀಕ್ಷೆಗೆ ಮಿಷನ್ನನ್ನು ಅಭ್ಯರ್ಥಿಗಳೇ ಹೊತ್ತು ತರಬೇಕು ಅಂತ ಕಾರ್ಡಿನಲ್ಲಿ ಇತ್ತು. ಷಣ್ಮುಖಪ್ಪ ಒಳ್ಳೇ ಮಿಷನ್ ಒಂದನ್ನು ಕೊಟ್ಟು ಹತ್ತು ಸಲ ಹುಷಾರು ಅಂದ. ಪಂಕಜಾಕ್ಷಿ, ಶಮ್ಶುನ್ನೀಸಾ ಇಬ್ಬರಿಗೂ ಅದೊಂದೇ. ವಜೀರ್ ಸಾಬ್ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ಮೂರು ಜನದ ಸೀಟಿನ ನಡುವೆ ಮಗುವನ್ನು ಕೂರಿಸಿದ ಹಾಗೆ ಕೂರಿಸಿದರು. ಬಸ್ಸು ಬೀರೂರಿನಲ್ಲಿ ಅರ್ಧ ಗಂಟೆ ನಿಂತಿತು. ಪಂಕಜಾಕ್ಷಿ ಮೂರು ಸಲ ಕೆಳಗಿಳಿದು ಮೂರು ಸಲ ಹತ್ತಿದಳು.

"ಕೂತ್ಕಳ್ಳಿ ಟೀಚರಮ್ಮ, ನೀವು ಇಳಿದ್ರೆ ಬಸ್ಸು ಬೇಗ ಹೋಗ್ತದಾ?"

ತರೀಕೆರೆಯ ಕಚೇರಿಯ ಮೆಟ್ಟಿಲ ಮೇಲೆ ಅರವತ್ತು ಎಪ್ಪತ್ತು ಜನ ನಿಂತಿದ್ದರು. ಬಾಗಿಲಿಗೆ ಬೀಗ. ಬೀಗದ ಮೇಲೆ ಚೀಟಿ: "ಕಾರಣಾಂತರದಿಂದ ಸಂದರ್ಶನ ಹಾಗೂ ಪರೀಕ್ಷೆಯನ್ನು ಮುಂದೂಡಲಾಗಿದೆ. ಮುಂದಿನ ದಿನಾಂಕವನ್ನು ತಿಳಿಸಲಾಗುವುದು." ಪಕ್ಕದ ಕಿಟಕಿಯಲ್ಲಿ ಒಬ್ಬ ಗುಮಾಸ್ತ ಟೀ ಕುಡಿಯುತ್ತಿದ್ದ.

"ಯಾಕ್ರೀ ಮುಂದಕ್ಕೆ ಹಾಕಿದ್ದು?" ಯಾರೋ ಕೂಗಿದರು.

"ನಮ್ಮನ್ನ ಕೇಳಿದ್ರೆ? ಪ್ರತಿ ಸಲ ಎಷ್ಟು ಜಾಗವೋ ಅಷ್ಟು ಕಾಪಿ ಬರೋದು. ಈ ಸಲ ನಾಲ್ಕು ಜಾಗಕ್ಕೆ ಇಪ್ಪತ್ತಾರು ಬಂದು ಬಿದ್ದಿದೆ. ಸಾಹೇಬ್ರು ಯಾರನ್ನ ಅಂತ ತಗೊಳ್ತಾರೆ? ಕಡೂರಿಗೆ ಫೋನ್ ಮಾಡಿದಾರೆ."

"ಯಾವ ಕಾಪಿ?"

ಗುಮಾಸ್ತ ಲೋಟ ಕೆಳಗಿಟ್ಟ. ಮಾತು ಜಾರಿದ್ದು ಅವನಿಗೂ ಗೊತ್ತಾಯಿತು.

"ನನ್ನ ಕಾಗದ ಇಲ್ಲೇ ಇದೆಯಲ್ರೀ! ಗಂಗಾಧರಯ್ಯನೋರ ಸಹಿ ಇದೆ!" ಒಬ್ಬ ಪತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದ.

"ಅದು ನಿಮಗೆ ಇಟ್ಕೊಳ್ಳೋಕೆ," ಅಂದು ಗುಮಾಸ್ತ ಕಿಟಕಿ ಹಾಕಿಕೊಂಡ.

ಜನ ಕಿಟಕಿಗೆ ನುಗ್ಗಿದರು. ಯಾರದೋ ಮೊಣಕೈ ತಗುಲಿ ಬೆಡ್‌ಶೀಟಿನ ಗಂಟು ಮೆಟ್ಟಿಲಿಂದ ಉರುಳಿತು. ನಾಲ್ಕು ಮೆಟ್ಟಿಲು, ಆಮೇಲೆ ಕಲ್ಲು. ಶಮ್ಶುನ್ನೀಸಾ ಓಡಿ ಗಂಟು ಬಿಚ್ಚಿದಳು. ರೋಲರ್ ಕಿತ್ತು ಬಂದಿತ್ತು, ಅಕ್ಷರದ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು.

ವಜೀರ್ ಸಾಬ್ ಮಿಷನ್ ಕಡೆ ನೋಡಲಿಲ್ಲ. ಪಂಕಜಾಕ್ಷಿಯನ್ನು ನೋಡಿದರು.

"ಎರಡು ವರ್ಷದ ಹಿಂದೆ ನಮ್ಮದಕ್ಕೆ ಕಾಪಿ ಇತ್ತಾ?"

"ಇರ್ಲಿಲ್ಲ ಸಾಬ್ರೇ."

"ನಿಮಗೆ ಗೊತ್ತಿತ್ತಾ?"

"ಹಾಕಿಲ್ಲ ಅನ್ನೋದು ಗೊತ್ತಿತ್ತು. ಯಾಕೆ ಅಂತ ಗೊತ್ತಿರ್ಲಿಲ್ಲ."

"ಕೇಳ್ಲಿಲ್ಲ."

"ಕೇಳ್ಲಿಲ್ಲ."

ಅವರು ಮುರಿದ ಮಿಷನ್ನನ್ನು ಮತ್ತೆ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡರು. ವಾಪಸು ಬರುವಾಗ, ಬೀರೂರು ಬಿಟ್ಟ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಅಂದರು: "ಆವತ್ತೇ ಹೇಳಿದ್ರೆ ಪಂಕ್ಚರಿಗಾದ್ರೂ ಕಾಸು ತಗೊಂತಿದ್ದೆ."

ಮಾರನೆಯ ದಿನ ಷಣ್ಮುಖಪ್ಪ ಮುರಿದ ಮಿಷನ್ ಮುಂದೆ ನಿಂತು ಮೇಜಿನ ತುದಿಯನ್ನು ಒರೆಸುತ್ತಲೇ ಇದ್ದ. ದೇವೀರಪ್ಪ ಆಗಲೇ ಬಂದು ಹೋಗಿದ್ದ.

"ಮಿಷನ್ ಮುರಿದಿದ್ದಕ್ಕೆ ಅಂತ ಹೇಳ್ತೀನಿ ಕಣಮ್ಮ," ಅಂದ. "ಬೇರೇದು ನನ್ನ ಬಾಯಲ್ಲಿ ಹೇಳಿಸ್ಬೇಡ. ನಾಳೆಯಿಂದ ಬರ್ಬೇಡ."

"ಸುಳ್ಳು ಲೆಟರ್ ಹೊಡೆದದ್ದಕ್ಕೆ ನಾಲ್ಕು ವರ್ಷ ಇಟ್ಕೊಂಡ್ರಿ. ನಿಜವಾದ್ದು ಹೊಡೆದದ್ದಕ್ಕೆ ತೆಗೀತಾ ಇದೀರಿ."

"ಅದೆಲ್ಲ ನಂಗೆ ಗೊತ್ತಿಲ್ಲ. ಬಾಡಿಗೆ ಕಟ್ಬೇಕು ನಾನು."

ಸೋಮವಾರ ಜನ ಗಂಗಾಧರಯ್ಯನವರ ಮನೆಗೆ ನುಗ್ಗುತ್ತಾರೆ ಅಂತ ಪಂಕಜಾಕ್ಷಿ ತಿಳಿದಿದ್ದಳು. ಕೆಲಸ ಇಲ್ಲದಿದ್ದರೂ ಪ್ಯಾಸೆಂಜರ್ ಹತ್ತಿ ಕಡೂರಿಗೆ ಬಂದು, ದೂರದಲ್ಲಿ ನಿಂತು ನೋಡಿದಳು. ಜನ ಬಂದಿದ್ದರು. ಎಂದಿಗಿಂತ ಎರಡರಷ್ಟು ಬಂದಿದ್ದರು. ಯಾರೂ ಜಗಳಕ್ಕೆ ಬಂದಂತಿರಲಿಲ್ಲ. ತುಂಬ ಜನರ ಕೈಯಲ್ಲಿ ಕಪ್ಪಗೆ ಏನೋ ಇತ್ತು. ಹತ್ತಿರ ಹೋದಳು. ಕಾರ್ಬನ್ ಪೇಪರ್. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಖಾಲಿಯಾಗಿತ್ತಂತೆ. ಒಬ್ಬ ಮುದುಕ ಅದನ್ನು ಬಾಳೆಲೆಯ ಹಾಗೆ ಸುರುಳಿ ಸುತ್ತಿ ಹಿಡಿದಿದ್ದ. ಬೆರಳೆಲ್ಲ ಮಸಿ.

"ನಮ್ಮ ಖರ್ಚಲ್ಲೇ ತಂದಿದೀನಿ ಯಜಮಾನ್ರೇ," ಅನ್ನುತ್ತಿದ್ದ. "ನಮ್ಮ ಹುಡುಗಂದಕ್ಕೂ ಒಂದು ಹಾಕ್ಸಿ."

ಗಂಗಾಧರಯ್ಯ ಕೈ ಎತ್ತಿದರು. "ಟೈಪ್ ಮಾಡೋ ಹುಡುಗಿ ಮಾಡಿದ ಅಚಾತುರ್ಯಕ್ಕೆ ನಿಮಗೆಲ್ಲ ತೊಂದ್ರೆ ಆಯ್ತು. ಅವಳನ್ನ ತೆಗೆಸಿದೀನಿ. ಇನ್ಮೇಲೆ ಎಲ್ಲರಿಗೂ ಕಾರ್ಬನ್. ಬಡವರು ಶ್ರೀಮಂತರು ಅನ್ನೋ ಭೇದ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಮುದುಕ ಚಪ್ಪಾಳೆ ತಟ್ಟಿ ಬೆವರು ಒರೆಸಿಕೊಂಡಾಗ ಅವನ ಮುಖಕ್ಕೂ ಮಸಿ ಮೆತ್ತಿತು. ಪಂಕಜಾಕ್ಷಿ ಅವನ ಹತ್ತಿರ ಹೋಗಿ, "ತಾತ, ಎಲ್ಲರಿಗೂ ಹಾಕಿದ್ರೆ ಯಾರಿಗೂ ಹಾಕ್ದಂಗೆ ಅಲ್ವಾ?" ಅಂದಳು.

"ನಿಂಗೆ ಸಿಗ್ಲಿಲ್ಲ ಅಂತ ನಮಗೂ ಬೇಡ ಅಂತೀಯಾ?" ಅಂದ ಮುದುಕ.

ಅಕ್ಟೋಬರಿನಲ್ಲಿ ತರೀಕೆರೆಯ ನಾಲ್ಕು ಜಾಗವೂ ಭರ್ತಿಯಾದವು. ಪರೀಕ್ಷೆ ಯಾವತ್ತು ನಡೆಯಿತು ಅಂತ ಯಾರಿಗೂ ತಿಳಿಯಲಿಲ್ಲ. ಈ ಸಲ ಕಾರ್ಬನ್ನಿನ ಬದಲು ಏನಿತ್ತು ಅನ್ನುವುದೂ ತಿಳಿಯಲಿಲ್ಲ. ತೀರ್ಥಪ್ಪ ನೇಮಕದ ಆದೇಶ ಜೇಬಿನಲ್ಲಿಟ್ಟುಕೊಂಡು ಷಣ್ಮುಖಪ್ಪನ ಇನ್‌ಸ್ಟಿಟ್ಯೂಟಿಗೆ ಬಂದು ಸೇರಿದ. ಪಂಕಜಾಕ್ಷಿಯ ಜಾಗದಲ್ಲಿ ಶಮ್ಶುನ್ನೀಸಾ ಕೂತಿದ್ದಳು. ಯಾವ ಬೆರಳನ್ನು ಎಲ್ಲಿಡಬೇಕು ಅನ್ನುವ ಮೊದಲ ಪಾಠವನ್ನು ಅವನಿಗೆ ಹನ್ನೆರಡು ದಿನ ಹೇಳಿಕೊಟ್ಟಳು.

ಪಂಕಜಾಕ್ಷಿ ತರೀಕೆರೆಗೆ ಮೂರು ಸಲ ಹೋಗಿ ಬಂದಳು. ಬೆಂಗಳೂರಿಗೆ ಎರಡು ದೂರು ಬರೆದಳು. ಮಿಷನ್ ಇಲ್ಲದ್ದರಿಂದ ಕೈಯಲ್ಲೇ ಬರೆದಳು. ಉತ್ತರ ಬರಲಿಲ್ಲ.

ಜನವರಿಯಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ಬಂತು. ಅವಳ ಹಳ್ಳಿಯ ಪೆಟ್ಟಿಗೆಯಲ್ಲಿ ಗಂಗಾಧರಯ್ಯನವರ ಪಕ್ಷಕ್ಕೆ ಮೂವತ್ತೊಂಬತ್ತರ ಬದಲು ನೂರ ನಾಲ್ಕು ಬಿತ್ತು. ಅದರಲ್ಲಿ ಅವಳ ಅಪ್ಪನದೂ ಒಂದು. "ಕಾರ್ಬನ್ ಇಲ್ದಿದ್ರೆ ಏನಂತೆ, ನಮ್ಮನ್ನ ಮರೀದಂಗೆ ನೋಡ್ಕೋಬೇಕಲ್ಲ," ಅಂದ. ವಜೀರ್ ಸಾಬ್ ಪಕ್ಷದ ಜೀಪಿಗೆ ಪಂಕ್ಚರ್ ಹಾಕಿದರು, ಈ ಸಲ ಕಾಸು ಮೊದಲೇ ತಗೊಂಡರು. ಪ್ಲಾಸ್ಟಿಕ್ ಕವರು ಮಾತ್ರ ಆ ಗೂಡಿನಲ್ಲೇ ಇತ್ತು. ಕಾಗದ ಯಾರಿಗೂ ಕೆಟ್ಟದ್ದು ಮಾಡಿಲ್ಲ ಅನ್ನುತ್ತಿದ್ದರಂತೆ.

೧೯೮೭ರ ಮಾರ್ಚ್ ಒಂಬತ್ತಕ್ಕೆ ಪಂಕಜಾಕ್ಷಿಯ ವಯಸ್ಸಿನ ಮಿತಿ ಮುಗಿಯಿತು. ಹೋದದ್ದು ಇಷ್ಟು: ಸಿಗಬೇಕಿದ್ದ ಕೆಲಸ ಒಂದು, ಇದ್ದ ಕೆಲಸ ಒಂದು, ಮಿಷನ್ ಒಂದು, ಸಂದರ್ಶನ ಆರು, ಕಾರ್ಬನ್ ಇಪ್ಪತ್ತಾರು.